ಮೈಲೇಜ್ ಕೊಡುವ ಫ್ಯಾಮಿಲಿ ಕಾರು ಕೊಳ್ಳುವುದು ಹೇಗೆ: ಶೋರೂಮಿಗೆ ಹೋಗುವುದು ಐದನೇ ಹಂತ

"ಬ್ರೋಷರ್‌ನಲ್ಲಿ 25 ಅಂತ ಇತ್ತು, ನನಗೆ 14 ಬರ್ತಿದೆ, ಗಾಡಿಯಲ್ಲೇ ಏನೋ ದೋಷ ಇರಬೇಕು." ಹೊಸ ಕಾರು ತಂದು ಎರಡು ತಿಂಗಳಾದವರು ಸಾಮಾನ್ಯವಾಗಿ ಹೇಳುವ ಮಾತಿದು. ಗಾಡಿಯಲ್ಲಿ ದೋಷ ಇರುವುದು ಅಪರೂಪ, ಕೊಂಡ ಕ್ರಮವೇ ತಲೆಕೆಳಗಾಗಿರುತ್ತದೆ. ಮೊದಲು ಶೋರೂಮ್, ಆಮೇಲೆ ಬಣ್ಣ, ಆಮೇಲೆ ಇಎಂಐ. ಲೆಕ್ಕ ಹಾಕುವುದು ಎಲ್ಲಕ್ಕಿಂತ ಕೊನೆಗೆ, ಬಂಕಿನಲ್ಲಿ ನಿಂತಾಗ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ನಾಲ್ಕು ಮನೆಯಲ್ಲೇ ಕೂತು ಮಾಡುವ ಕೆಲಸ. ಅವು ಮುಗಿಯುವ ತನಕ ಯಾವ ಶೋರೂಮಿಗೂ ಫೋನ್ ನಂಬರ್ ಕೊಡಬೇಡಿ. ಕೊಟ್ಟರೆ ದಿನಕ್ಕೆ ನಾಲ್ಕು ಕರೆ ಬರುತ್ತವೆ, ನಿಮ್ಮ ಲೆಕ್ಕಕ್ಕಿಂತ ಅವರ ಆಫರ್ ಮುಂದೆ ಓಡುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಒಂದು ನೋಟ್‌ಬುಕ್, ಕ್ಯಾಲ್ಕುಲೇಟರ್, ಅಳತೆ ಟೇಪು, ಒಂದು ಟೈರ್ ಪ್ರೆಶರ್ ಗೇಜ್, ಮೊಬೈಲ್ ಟಾರ್ಚ್.

## ಹಂತ 1: ನಿಮ್ಮ ಓಟವನ್ನು ಕಾಗದಕ್ಕಿಳಿಸಿ

ಒಂದು ತಿಂಗಳು ಮನೆಯವರೆಲ್ಲ ಎಲ್ಲೆಲ್ಲಿ ಓಡಾಡುತ್ತೀರಿ ಎಂದು ಬರೆದಿಡಿ. ಈಗ ಬೈಕು, ಆಟೊ, ಬಸ್ಸಿನಲ್ಲಿ ಹೋಗುವುದರಲ್ಲಿ ಕಾರು ಬಂದ ಮೇಲೆ ಯಾವುದು ಕಾರಿಗೆ ಬದಲಾಗುತ್ತದೆ ಎಂಬುದನ್ನು ಮಾತ್ರ ಎಣಿಸಿ. ಆಫೀಸಿಗೆ ಮೆಟ್ರೊದಲ್ಲೇ ಹೋಗುವವರು ಆ ದೂರವನ್ನು ಸೇರಿಸಿದರೆ ಲೆಕ್ಕವೇ ಸುಳ್ಳಾಗುತ್ತದೆ.

ಸಿಟಿ ಓಟ ಮತ್ತು ಹೈವೇ ಓಟವನ್ನು ಬೇರೆ ಬೇರೆ ಬರೆಯಿರಿ. ತುಮಕೂರಿನಲ್ಲೋ ಹಾಸನದಲ್ಲೋ ಇರುವವರ ಸಿಟಿ ಓಟಕ್ಕೂ ಸಂಜೆ ಆರಕ್ಕೆ ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟುವವರ ಸಿಟಿ ಓಟಕ್ಕೂ ಅಜಗಜಾಂತರ. ಜತೆಗೆ ಇನ್ನೂ ಮೂರು ಸಂಗತಿ ಬರೆದುಕೊಳ್ಳಿ. ಸಾಮಾನ್ಯ ದಿನ ಕಾರಿನಲ್ಲಿ ಎಷ್ಟು ಜನ ಕೂರುತ್ತೀರಿ? ವರ್ಷಕ್ಕೆ ಎಷ್ಟು ಸಲ ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿ ಹತ್ತುತ್ತೀರಿ? ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ?

ಈ ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆ ಗೇಟಿನೊಳಗೆ ಪ್ಲಗ್ ಪಾಯಿಂಟ್ ಇದೆಯೇ ಇಲ್ಲವೇ ಎಂಬ ಒಂದೇ ಸಂಗತಿ ಮೂರನೇ ಹಂತದ ಅರ್ಧ ತೀರ್ಮಾನ ಮಾಡಿಬಿಡುತ್ತದೆ.

ಸಾಮಾನ್ಯ ತಪ್ಪು: ವರ್ಷಕ್ಕೆರಡು ಸಲ ಊರಿಗೆ ಹೋಗುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಏಳು ಸೀಟಿನ ಗಾಡಿ ಕೊಂಡು, ಉಳಿದ ಮುನ್ನೂರೈವತ್ತು ದಿನ ಒಬ್ಬರೇ ಅದನ್ನು ಟ್ರಾಫಿಕ್ಕಿನಲ್ಲಿ ಎಳೆಯುವುದು. ಆ ಎರಡು ಸಲಕ್ಕೆ ಬಾಡಿಗೆ ಇನ್ನೋವಾ ಸಿಗುತ್ತದೆ.

## ಹಂತ 2: ಬ್ರೋಷರ್ ಮೈಲೇಜನ್ನು ನಿಮ್ಮ ರಸ್ತೆಗೆ ಇಳಿಸಿ

ಕಂಪನಿ ಹೇಳುವ ಅಂಕಿ ಸುಳ್ಳಲ್ಲ, ಅದು ಪ್ರಯೋಗಾಲಯದ ಅಂಕಿ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ನಿಗದಿತ ಓಟದ ಅವಧಿ 1180 ಸೆಕೆಂಡು, ದೂರ ಸುಮಾರು ಹತ್ತೂವರೆ ಕಿಲೋಮೀಟರ್, ಗರಿಷ್ಠ ವೇಗ 90. ಎಸಿ ಇಲ್ಲ, ಘಾಟಿ ಇಲ್ಲ, ಹಿಂದಿನ ಸೀಟಿನಲ್ಲಿ ಅತ್ತೆ ಮಾವ ಇಲ್ಲ, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆಯೂ ಇಲ್ಲ. ಎಲ್ಲ ಕಾರಿಗೂ ಒಂದೇ ಪರೀಕ್ಷೆ ಆಗಿರುವುದರಿಂದ ಎರಡು ಕಾರುಗಳನ್ನು ಹೋಲಿಸಲು ಆ ಅಂಕಿ ಉಪಯೋಗಕ್ಕೆ ಬರುತ್ತದೆ. ಮನೆ ಖರ್ಚು ಅಂದಾಜು ಮಾಡಲು ಬರುವುದಿಲ್ಲ.

ನಾನು ಬಳಸುವ ಕಚ್ಚಾ ಲೆಕ್ಕ ಇದು: ಸಾಮಾನ್ಯ ಪೆಟ್ರೋಲ್ ಕಾರಿಗೆ ಬ್ರೋಷರ್ ಅಂಕಿಯ ಶೇ 60 ಸಿಟಿಯಲ್ಲಿ, ಶೇ 75ರಿಂದ 80 ಹೈವೇಯಲ್ಲಿ. ಸ್ವಿಫ್ಟ್ ಮ್ಯಾನುಯಲ್‌ಗೆ ಕಂಪನಿ ಹೇಳುವುದು 24.8, ಅಂದರೆ ಸಿಟಿಯಲ್ಲಿ 15, ಹೈವೇಯಲ್ಲಿ 19 ಸಿಕ್ಕರೆ ಗಾಡಿ ಸರಿಯಾಗಿದೆ ಎಂದೇ ಅರ್ಥ. ಟರ್ಬೊ ಪೆಟ್ರೋಲ್ ಆದರೆ ಸಿಟಿಗೆ ಶೇ 50 ಹಿಡಿಯಿರಿ. ಕಾಲು ಸ್ವಲ್ಪ ಭಾರವಾದರೂ ಅದು ಇಂಧನ ಕುಡಿಯುತ್ತದೆ.

ಈಗ ಒಂದನೇ ಹಂತದ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ಎರಡು ಮೈಲೇಜನ್ನು ಕೂಡಿಸಿ ಎರಡರಿಂದ ಭಾಗಿಸಬೇಡಿ, ಲೀಟರುಗಳನ್ನು ಕೂಡಿಸಿ. ತಿಂಗಳಿಗೆ 600 ಕಿಮೀ ಸಿಟಿ, 14ರ ಮೈಲೇಜ್: ಸುಮಾರು 43 ಲೀಟರ್. 400 ಕಿಮೀ ಹೈವೇ, 20ರ ಮೈಲೇಜ್: 20 ಲೀಟರ್. ಒಟ್ಟು 63 ಲೀಟರಿಗೆ 1000 ಕಿಮೀ, ಅಂದರೆ 16ಕ್ಕೂ ಸ್ವಲ್ಪ ಕಡಿಮೆ. 17 ಎಂದುಕೊಂಡವರಿಗೆ ವರ್ಷದ ಕೊನೆಗೆ ನಾಲ್ಕೈದು ಸಾವಿರ ಹೆಚ್ಚು ಖರ್ಚಾಗಿರುತ್ತದೆ, ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲ.

ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ, ಆದ್ದರಿಂದ ಮೈಲೇಜ್ ಒಂದಿಷ್ಟು ಇಳಿಯುತ್ತದೆ. ಹೊಸ ಕಾರು ಕೊಳ್ಳುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಳೆಯದನ್ನು ನೋಡುತ್ತಿರುವವರು ಮ್ಯಾನುಯಲ್‌ನಲ್ಲಿ ಅಥವಾ ಇಂಧನ ಮುಚ್ಚಳದ ಒಳಬದಿಯಲ್ಲಿ ಇ20 ಎಂದು ಬರೆದಿದೆಯೇ ನೋಡಿಕೊಳ್ಳಿ.

## ಹಂತ 3: ಇಂಧನ ಯಾವುದು ಎಂದು ತೀರ್ಮಾನಿಸಿ

ಮಾಡೆಲ್ ಆರಿಸುವ ಮೊದಲು ಇಂಧನ ಆರಿಸಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ.

ಲೆಕ್ಕಕ್ಕೆ ಗುಂಡು ಅಂಕಿಗಳನ್ನು ಇಟ್ಟುಕೊಳ್ಳೋಣ. ಪೆಟ್ರೋಲ್ 100 ರೂಪಾಯಿ, ಡೀಸೆಲ್ 90, ಸಿಎನ್‌ಜಿ ಕೆಜಿಗೆ 90, ಮನೆಯ ಕರೆಂಟು ಯೂನಿಟ್‌ಗೆ 7. ನಿಮ್ಮ ಊರಿನ ಇವತ್ತಿನ ದರ ಹಾಕಿ ಇದನ್ನೇ ತಿದ್ದಿಕೊಳ್ಳಿ. ಮೈಲೇಜ್ ಇಲ್ಲಿ ಬ್ರೋಷರಿನದ್ದಲ್ಲ, ರಸ್ತೆಯದ್ದು.

- ಪೆಟ್ರೋಲ್, 16 ಕಿಮೀ: ಕಿಲೋಮೀಟರಿಗೆ 6.25 ರೂಪಾಯಿ
- ಡೀಸೆಲ್, 18 ಕಿಮೀ: 5 ರೂಪಾಯಿ
- ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜತೆಗೆ ಬ್ಯಾಟರಿಯಲ್ಲೂ ಓಡುವ ಗಾಡಿ), 21 ಕಿಮೀ: 4.75 ರೂಪಾಯಿ
- ಸಿಎನ್‌ಜಿ, ಕೆಜಿಗೆ 24 ಕಿಮೀ: 3.75 ರೂಪಾಯಿ
- ಮನೆಯಲ್ಲೇ ಚಾರ್ಜ್ ಆಗುವ ವಿದ್ಯುತ್ ಕಾರು, ಯೂನಿಟ್‌ಗೆ 6 ಕಿಮೀ: 1.20 ರೂಪಾಯಿಯ ಆಸುಪಾಸು

ಇಷ್ಟು ನೋಡಿ ವಿದ್ಯುತ್ ಕಾರಿಗೆ ಹಾರಬೇಡಿ. ಒಂದೊಂದಕ್ಕೂ ಅದರದ್ದೇ ಷರತ್ತುಗಳಿವೆ.

ಪೆಟ್ರೋಲ್. ವರ್ಷಕ್ಕೆ ಎಂಟು ಹತ್ತು ಸಾವಿರ ಕಿಲೋಮೀಟರಿಗಿಂತ ಕಡಿಮೆ ಓಡುವವರು ಇಲ್ಲೇ ನಿಲ್ಲಿ. ಉಳಿದ ಯಾವುದನ್ನು ಕೊಂಡರೂ ಮುಂಗಡವಾಗಿ ಕೊಟ್ಟ ಹೆಚ್ಚಿನ ಹಣ ವಾಪಸ್ ಬರುವ ಹೊತ್ತಿಗೆ ಗಾಡಿ ಮಾರುವ ಕಾಲ ಬಂದಿರುತ್ತದೆ.

ಸಿಎನ್‌ಜಿ. ವರ್ಷಕ್ಕೆ 12,000 ಕಿಮೀ ಓಡಿದರೆ ಮೇಲಿನ ಲೆಕ್ಕದಲ್ಲಿ ಪೆಟ್ರೋಲಿಗಿಂತ 30,000 ರೂಪಾಯಿ ಉಳಿತಾಯ. ಅದೇ ಮಾಡೆಲ್‌ನ ಸಿಎನ್‌ಜಿಗೆ 90,000 ಹೆಚ್ಚು ಕೊಟ್ಟರೆ ಮೂರು ವರ್ಷಕ್ಕೆ ಹಣ ಮರಳಿತು. ಮಧ್ಯಮ ವರ್ಗದ ಸಿಟಿ ಓಟಕ್ಕೆ ಇದಕ್ಕಿಂತ ಬೇಗ ಕೂಡಿಬರುವ ಲೆಕ್ಕ ಸಿಗುವುದು ಕಷ್ಟ. ಆದರೆ ಬುಕ್ ಮಾಡುವ ಮುನ್ನ ನಿಮ್ಮ ಹತ್ತಿರದ ಸಿಎನ್‌ಜಿ ಬಂಕಿಗೆ ನೀವು ತುಂಬಿಸಲು ಹೋಗುವ ಹೊತ್ತಿಗೇ ಹೋಗಿ ಸಾಲು ನೋಡಿ. ಊರ ದಾರಿಯಲ್ಲಿ ಎಲ್ಲೆಲ್ಲಿ ಬಂಕಿದೆ ಎಂದು ಮ್ಯಾಪಿನಲ್ಲಿ ಗುರುತಿಸಿ. ಮಲೆನಾಡಿನ ಕಡೆ ಹೋಗುವವರು ಪೆಟ್ರೋಲಿನಲ್ಲೇ ಹೆಚ್ಚು ಓಡಬೇಕಾಗಬಹುದು. ಒಂದೇ ದೊಡ್ಡ ಸಿಲಿಂಡರ್ ಇರುವ ಗಾಡಿಯಲ್ಲಿ ಡಿಕ್ಕಿ ಇದ್ದೂ ಇಲ್ಲದಂತೆ. ಟಾಟಾ ಮತ್ತು ಹ್ಯುಂಡೈ ಎರಡು ಸಣ್ಣ ಸಿಲಿಂಡರ್ ಕೆಳಗೆ ಕೂರಿಸಿ ಡಿಕ್ಕಿ ಉಳಿಸಿದ ಮಾಡೆಲ್‌ಗಳನ್ನು ಮಾರುತ್ತಿವೆ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಕಡ್ಡಾಯ, ಅದನ್ನು ಮರೆಯಬೇಡಿ. ಹೊರಗಡೆ ಕಿಟ್ ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕಂಪನಿ ವಾರಂಟಿಗೂ ಇನ್ಶೂರೆನ್ಸಿಗೂ ಅದು ತಕರಾರು ತರುತ್ತದೆ.

ಡೀಸೆಲ್. ವರ್ಷಕ್ಕೆ 20,000 ಕಿಮೀ ಮೇಲೆ, ಅದೂ ಹೆಚ್ಚು ಹೈವೇ ಓಡುವವರಿಗೆ ಮಾತ್ರ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದು ತನ್ನನ್ನು ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಒಂದೇ ವೇಗದ ಬಿಸಿ ಓಟ ಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು ತರಕಾರಿ ತರುವ ಮೂರು ಕಿಲೋಮೀಟರ್ ಓಟದಲ್ಲಿ ಅದು ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಸರ್ವಿಸ್ ಸೆಂಟರ್ ಅಲೆದಾಟ ಶುರು.

ಹೈಬ್ರಿಡ್. ಇಲ್ಲಿ ಹೆಸರಿನಲ್ಲೇ ಗೊಂದಲ. ಎರ್ಟಿಗಾ, ಬ್ರೆಝಾದಂಥ ಗಾಡಿಗಳ ಮೇಲಿರುವ 'ಸ್ಮಾರ್ಟ್ ಹೈಬ್ರಿಡ್' ಮೈಲ್ಡ್ ಹೈಬ್ರಿಡ್. ಎಂಜಿನ್ನಿಗೆ ಒಂದಿಷ್ಟು ಕೈ ಜೋಡಿಸುತ್ತದೆ, ಆದರೆ ಬರೀ ಬ್ಯಾಟರಿಯಲ್ಲಿ ಗಾಡಿ ಓಡುವುದಿಲ್ಲ. ಟೊಯೊಟಾ ಹೈರೈಡರ್, ಗ್ರ್ಯಾಂಡ್ ವಿಟಾರಾದ ದುಬಾರಿ ವೇರಿಯಂಟುಗಳು, ಹೋಂಡಾ ಸಿಟಿ ಇ:ಎಚ್‌ಇವಿ, ಇನ್ನೋವಾ ಹೈಕ್ರಾಸ್ ಹೈಬ್ರಿಡ್ — ಇವು ಸ್ಟ್ರಾಂಗ್ ಹೈಬ್ರಿಡ್. ಹೈರೈಡರಿಗೆ ಕಂಪನಿ ಹೇಳುವುದು 27.97, ಹೈಕ್ರಾಸಿಗೆ 23.24. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ಹೋಗುವುದರಿಂದ ಟ್ರಾಫಿಕ್ಕಿನಲ್ಲಿ ಉಳಿದ ಕಾರುಗಳು ಸೋಲುವ ಕಡೆಯೇ ಇವು ಗೆಲ್ಲುತ್ತವೆ. ಅದೇ ಗಾತ್ರದ ಪೆಟ್ರೋಲ್ ಎಸ್‌ಯುವಿ ಸಿಟಿಯಲ್ಲಿ 13 ಕೊಟ್ಟು ಹೈಬ್ರಿಡ್ 21 ಕೊಟ್ಟರೆ 12,000 ಕಿಮೀಗೆ ವರ್ಷಕ್ಕೆ 35,000 ರೂಪಾಯಿ ಉಳಿತಾಯ. ಬೆಲೆ ವ್ಯತ್ಯಾಸ ಎರಡೂವರೆ ಲಕ್ಷವಾದರೆ ಏಳು ವರ್ಷ ಬೇಕು. ಹತ್ತು ವರ್ಷ ಇಟ್ಟುಕೊಳ್ಳುವವರು ಕೊಳ್ಳಿ, ನಾಲ್ಕು ವರ್ಷಕ್ಕೊಮ್ಮೆ ಬದಲಿಸುವವರಿಗೆ ಇದು ಸಾಗುವ ಲೆಕ್ಕವಲ್ಲ.

ವಿದ್ಯುತ್ ಕಾರು. ಸ್ವಂತ ಪಾರ್ಕಿಂಗ್, ಅದರ ಪಕ್ಕ ಒಳ್ಳೆ ಅರ್ತಿಂಗ್ ಇರುವ 15 ಆಂಪ್ ಪಾಯಿಂಟ್ — ಇವೆರಡೂ ಇದ್ದರೆ ಮುಂದೆ ಓದಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಶನ್ ಒಪ್ಪಿಗೆಯನ್ನು ಬುಕಿಂಗ್‌ಗೆ ಮುಂಚೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. "ಆಮೇಲೆ ನೋಡೋಣ ಬಿಡಿ" ಎಂದ ಅಧ್ಯಕ್ಷರು ಆಮೇಲೆ ಬದಲಾಗಿರುತ್ತಾರೆ. ರಸ್ತೆ ಬದಿಯ ಫಾಸ್ಟ್ ಚಾರ್ಜರ್‌ಗಳನ್ನೇ ನಂಬಿದರೆ ಕಿಲೋಮೀಟರಿನ ಖರ್ಚು ಮನೆಯದ್ದಕ್ಕಿಂತ ಮೂರು ಪಟ್ಟಿನ ತನಕ ಏರಬಹುದು, ಆಗ ಸಿಎನ್‌ಜಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ.

ನಮ್ಮಲ್ಲಿ ಬಹಳ ಜನ ಮರೆಯುವ ಇನ್ನೊಂದು ಸಂಗತಿ ಗೃಹಜ್ಯೋತಿ. ತಿಂಗಳಿಗೆ 1000 ಕಿಮೀ ಓಡಿದರೆ ಸುಮಾರು 165 ಯೂನಿಟ್ ಮನೆ ಮೀಟರಿಗೆ ಸೇರುತ್ತದೆ. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರವಲ್ಲ, ಇಡೀ ಬಿಲ್ಲನ್ನು ಕಟ್ಟಬೇಕು. ಅಲ್ಲಿಯ ತನಕ ಸೊನ್ನೆ ಬಿಲ್ ಬರುತ್ತಿದ್ದ ಮನೆಯವರು ಆ ಹಣವನ್ನೂ ಕಾರಿನ ಖಾತೆಗೇ ಬರೆಯಬೇಕು. ಕಾರಿಗೆ ಪ್ರತ್ಯೇಕ ಮೀಟರ್ ಹಾಕಿಸಬಹುದೇ, ಖರ್ಚೆಷ್ಟು ಎಂದು ನಿಮ್ಮ ಎಸ್ಕಾಂ (ವಿದ್ಯುತ್ ಕಂಪನಿ) ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಕಂಪನಿ ಹೇಳುವ ರೇಂಜಿನಲ್ಲಿ ಶೇ 65 ಮಾತ್ರ ನಿಮ್ಮದು ಎಂದುಕೊಳ್ಳಿ. ಅಷ್ಟರಲ್ಲಿ ಊರು ತಲುಪಿದರೆ ಸರಿ.

## ಹಂತ 4: ಗಾತ್ರ, ಸೀಟು, ಗೇರ್

ಇಲ್ಲಿ ಹಣದ ಒಂದು ಗಡಿರೇಖೆ ಇದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಉದ್ದದೊಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೂ 1500 ಸಿಸಿ ಒಳಗಿನ ಡೀಸೆಲ್ ಕಾರಿಗೂ ಜಿಎಸ್‌ಟಿ ಶೇ 18. ಅದನ್ನು ಮೀರಿದರೆ ಶೇ 40. ಗಾಡಿ ನಾಲ್ಕು ಮೀಟರ್ ಒಳಗಿದ್ದರೂ ಪೆಟ್ರೋಲ್ ಎಂಜಿನ್ 1.5 ಲೀಟರಿನದ್ದಾದರೆ ದೊಡ್ಡ ತೆರಿಗೆಯೇ. ವಿದ್ಯುತ್ ಕಾರಿಗೆ ಶೇ 5.

ಏಳು ಸೀಟು ಬೇಕೇ ಬೇಕು ಎನ್ನುವವರು ಮೂರನೇ ಸಾಲಿನಲ್ಲೂ ಜನ ಕೂತಾಗ ಉಳಿಯುವ ಡಿಕ್ಕಿ ಎಷ್ಟು ಎಂದು ನೋಡಿ. ಎರ್ಟಿಗಾದಲ್ಲಿ 209 ಲೀಟರ್, ಟ್ರೈಬರ್‌ನಲ್ಲಿ 84. ಏಳು ಜನರ ಧರ್ಮಸ್ಥಳ ಪ್ರವಾಸದ ಬ್ಯಾಗುಗಳು 84 ಲೀಟರಿನಲ್ಲಿ ಹಿಡಿಯುವುದಿಲ್ಲ. ಚಾವಣಿ ಮೇಲೆ ಕ್ಯಾರಿಯರ್ ಕಟ್ಟಿದರೆ ಗಾಳಿಯ ತಡೆ ಹೆಚ್ಚಿ ಮೈಲೇಜ್ ಬಿದ್ದೇ ಬೀಳುತ್ತದೆ. ಸಣ್ಣ ಎಂಜಿನ್ನಿನ ಮೇಲೆ ಏಳು ಜನರ ಭಾರ ಹೇರಿ ಘಾಟಿ ಹತ್ತಿಸಿದರೆ ಪೂರ್ತಿ ದಾರಿ ಎರಡನೇ ಗೇರಿನಲ್ಲೇ ಕಿರುಚಿಕೊಂಡು ಹೋಗಬೇಕಾಗುತ್ತದೆ, ಆಗ ದೊಡ್ಡ ಎಂಜಿನ್ನಿನ ಗಾಡಿಯೇ ಕಡಿಮೆ ಕುಡಿಯುತ್ತದೆ.

ಗೇರ್: ಬೆಂಗಳೂರಿನಂಥ ಕಡೆ ಆಟೊಮ್ಯಾಟಿಕ್ ಬೇಕೆನ್ನುವವರಿಗೆ ಎಎಂಟಿ (ಮ್ಯಾನುಯಲ್ ಗೇರನ್ನೇ ಯಂತ್ರ ಬದಲಿಸುವ ಬಗೆ) ಅಗ್ಗ, ಮೈಲೇಜಿನಲ್ಲಿ ಮ್ಯಾನುಯಲ್‌ಗೆ ಸರಿಸಮ, ಕೆಲವು ಮಾಡೆಲ್‌ಗಳಲ್ಲಿ ಒಂದು ಕೈ ಮೇಲೆ. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ತೂಗುತ್ತದೆ. ಕಾರಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿರುವ ಮನೆಯವರು ಸಿವಿಟಿ (ಜರ್ಕ್ ಇಲ್ಲದೆ ಸಾಗುವ ಇನ್ನೊಂದು ಬಗೆಯ ಆಟೊಮ್ಯಾಟಿಕ್) ಓಡಿಸಿ ನೋಡಿ.

ಸುರಕ್ಷತೆಯನ್ನು ಮೈಲೇಜಿಗೆ ಅಡ ಇಡಬೇಡಿ. 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್, ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ನಕ್ಷತ್ರ ಕೊಡುತ್ತದೆ. ಪಟ್ಟಿಯಲ್ಲಿ ಉಳಿದಿರುವ ಗಾಡಿಗಳ ಫಲಿತಾಂಶ ನೋಡಿ, ಹಿಂದಿನ ಸೀಟಿನ ನಡುವಿನವರಿಗೂ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯೇ ಪರೀಕ್ಷಿಸಿ.

ಇಷ್ಟಾದ ಮೇಲೆ ಕಾಗದದಲ್ಲಿ ಎರಡು, ಹೆಚ್ಚೆಂದರೆ ಮೂರು ಮಾಡೆಲ್ ಉಳಿದಿರಬೇಕು. ಆರು ಉಳಿದಿದ್ದರೆ ಒಂದನೇ ಹಂತವನ್ನು ಪ್ರಾಮಾಣಿಕವಾಗಿ ಮಾಡಿಲ್ಲ.

## ಹಂತ 5: ಶೋರೂಮ್ ಮತ್ತು ಟೆಸ್ಟ್ ಡ್ರೈವ್

ಇಡೀ ಕುಟುಂಬವನ್ನು ಕರೆದುಕೊಂಡು ಹೋಗಿ, ಆದರೆ ಅವತ್ತೇ ಬುಕ್ ಮಾಡುವುದಿಲ್ಲ ಎಂದು ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ಟೋಕನ್ ಹಣ ಜೇಬಿನಲ್ಲೇ ಇರಲಿ.

ಶೋರೂಮಿನವರು ಖಾಲಿ ರಸ್ತೆಯಲ್ಲಿ ಐದು ನಿಮಿಷ ಸುತ್ತಿಸಿ ತರುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ದಿನವೂ ನೀವು ಸಾಮಾನ್ಯವಾಗಿ ಕೂರುವಷ್ಟು ಜನ ಕೂತು, ಎಸಿ ಹಾಕಿ, ಒಂದು ಫ್ಲೈಓವರ್ ಅಥವಾ ಏರು ಇರುವ ರಸ್ತೆಗೆ ಒಯ್ಯಿರಿ. ಏರಿನ ಮಧ್ಯದಲ್ಲಿ ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿ. ಅಲ್ಲಿ ಕ್ಲಚ್ ಒದ್ದಾಡಿದರೆ ಘಾಟಿಯಲ್ಲಿ ಏನಾಗುತ್ತದೆ ಎಂದು ಊಹಿಸಬಹುದು. ಆಮೇಲೆ ಮೂರನೇ ಗೇರಿನಲ್ಲಿ ಮೂವತ್ತರ ವೇಗದಿಂದ ಮೆಲ್ಲಗೆ ಎಳೆಯಿರಿ. ನಡುಗದೆ ಎಳೆಯುವ ಎಂಜಿನ್ ಸಿಟಿಯಲ್ಲಿ ಗೇರ್ ಕೆಳಗಿಳಿಸುವ ಕೆಲಸ ಕಡಿಮೆ ಮಾಡುತ್ತದೆ, ಮೈಲೇಜ್ ಉಳಿಯುವುದೇ ಅಲ್ಲಿ.

ಒಂದು ಸುತ್ತು ನೀವೇ ಹಿಂದಿನ ಸೀಟಿನಲ್ಲಿ ಕೂರಿ. ಮಂಡಿ ತಾಗುತ್ತದೆಯೇ, ತೊಡೆಗೆ ಆಸರೆ ಇದೆಯೇ, ಎಸಿ ಗಾಳಿ ಹಿಂದೆ ತಲುಪುತ್ತದೆಯೇ? ಮಂಡಿನೋವಿರುವ ಹಿರಿಯರು ಹತ್ತಿ ಇಳಿಯಲಿ, ಒಂದಲ್ಲ, ಎರಡು ಮೂರು ಸಲ. ಅಳತೆ ಟೇಪು ಇಲ್ಲಿ ಬೇಕು: ನಿಮ್ಮ ಮನೆ ಗೇಟಿನ ಅಗಲ ಬರೆದುಕೊಂಡು ಹೋಗಿ, ಪಕ್ಕದ ಕನ್ನಡಿಗಳು ಹೊರಚಾಚಿದ ಸ್ಥಿತಿಯಲ್ಲಿ ಕಾರಿನ ಅಗಲ ಅಳೆಯಿರಿ. ಬ್ರೋಷರಿನಲ್ಲಿರುವ ಅಗಲದಲ್ಲಿ ಸಾಮಾನ್ಯವಾಗಿ ಕನ್ನಡಿ ಸೇರಿರುವುದಿಲ್ಲ.

ಎಚ್ಚರಿಕೆಯ ಗುರುತು: "ಈ ವೇರಿಯಂಟ್ ಟೆಸ್ಟ್ ಡ್ರೈವಿಗೆ ಇಲ್ಲ, ಟಾಪ್ ಎಂಡ್ ಓಡಿಸಿ, ಎರಡೂ ಒಂದೇ" ಎಂದರೆ ನಂಬಬೇಡಿ. ಎಂಜಿನ್, ಗೇರ್, ಟೈರ್ ಅಳತೆ ಬೇರೆ ಇದ್ದರೆ ಗಾಡಿಯೇ ಬೇರೆ.

## ಹಂತ 6: ಕೊಟೇಶನ್ನನ್ನು ಸಾಲುಸಾಲಾಗಿ ಓದಿ

ಒಂದೇ ಮಾಡೆಲ್‌ಗೆ ಕನಿಷ್ಠ ಎರಡು ಡೀಲರ್‌ಗಳಿಂದ ಮುದ್ರಿತ ಕೊಟೇಶನ್ ತನ್ನಿ. ಬಾಯಿಮಾತಿನ "ಒಟ್ಟು ಇಷ್ಟಾಗುತ್ತೆ ಸಾರ್" ಲೆಕ್ಕಕ್ಕಿಲ್ಲ.

ಮೊದಲ ಸಾಲು ಎಕ್ಸ್‌ಶೋರೂಮ್ ಬೆಲೆ. ಎರಡನೆಯದು ಆಜೀವ ತೆರಿಗೆ, ಕರ್ನಾಟಕದಲ್ಲಿ ಕೈ ಸುಡುವುದು ಇದೇ. ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದ ತನಕ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದರ ಮೇಲೆ ಶೇ 18. ಇದರ ಮೇಲೆ ಸೆಸ್ ಬೇರೆ. ದರ ಇಡೀ ಬೆಲೆಗೆ ಅನ್ವಯ. ಹಾಗಾಗಿ 9.9 ಲಕ್ಷದ ಗಾಡಿಗೆ ಸೆಸ್ ಬಿಟ್ಟು 1,38,600 ತೆರಿಗೆಯಾದರೆ 10.1 ಲಕ್ಷದ ಗಾಡಿಗೆ 1,71,700. ಇಪ್ಪತ್ತು ಸಾವಿರದ ಸನ್‌ರೂಫ್ ಆಸೆಗೆ ಮೂವತ್ಮೂರು ಸಾವಿರ ತೆರಿಗೆ! ಜತೆಗೆ 10 ಲಕ್ಷ ದಾಟಿದರೆ ಶೇ 1 ಟಿಸಿಎಸ್ (ಡೀಲರ್ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ. ಆ ಹಣವನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಇನ್‌ವಾಯ್ಸಿನಲ್ಲಿ ನಿಮ್ಮ ಪ್ಯಾನ್ ಸರಿಯಾಗಿದ್ದರೆ. ವಿದ್ಯುತ್ ಕಾರಿನ ತೆರಿಗೆ ನಿಯಮ ಬದಲಾಗುತ್ತಿರುತ್ತದೆ, ಬುಕ್ ಮಾಡುವ ವಾರದಲ್ಲಿ ಜಾರಿಯಲ್ಲಿರುವ ಆದೇಶವನ್ನೇ ನೋಡಿ.

ಮೂರನೇ ಸಾಲು ಇನ್ಶೂರೆನ್ಸ್. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಸ್ವಂತ ಹಾನಿಯ ವಿಮೆ ಒಂದು ವರ್ಷದ್ದು ಸಾಕು. ಡೀಲರ್ ಬಳಿಯೇ ಮಾಡಿಸಬೇಕೆಂಬ ಕಾನೂನಿಲ್ಲ. ಹೊರಗಿನ ಒಂದು ಕೊಟೇಶನ್ ತಂದು ಮೇಜಿನ ಮೇಲಿಟ್ಟರೆ ಬಹಳ ಸಲ ಅವರೇ ಇಳಿಸುತ್ತಾರೆ. ಹೋಲಿಸುವಾಗ ಐಡಿವಿ (ಗಾಡಿ ಪೂರ್ತಿ ಹೋದರೆ ಸಿಗುವ ಗರಿಷ್ಠ ಮೊತ್ತ) ಒಂದೇ ಇದೆಯೇ, ಝೀರೊ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ಆಡ್ ಆನ್) ಎರಡರಲ್ಲೂ ಇದೆಯೇ ನೋಡಿ. ಮಳೆಗಾಲದಲ್ಲಿ ನೀರು ನಿಲ್ಲುವ ರಸ್ತೆಯವರು ಎಂಜಿನ್ ರಕ್ಷಣೆಯ ಆಡ್ ಆನ್ ತೆಗೆದುಕೊಳ್ಳಿ, ಇಲ್ಲದಿದ್ದರೆ ನೀರು ಕುಡಿದ ಎಂಜಿನ್ನಿಗೆ ನಯಾಪೈಸೆ ಸಿಗದು.

ಅದರ ಕೆಳಗಿನ ಸಾಲುಗಳನ್ನು ಟಾರ್ಚ್ ಹಿಡಿದು ನೋಡಿ: ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಎಸೆನ್ಶಿಯಲ್ ಕಿಟ್, ಪೇಂಟ್ ಕೋಟಿಂಗ್. ಇವನ್ನು ತೆಗೆಯಿರಿ ಎಂದು ಕೇಳಿ. ನಂಬರ್ ಪ್ಲೇಟಿನ ಹೆಸರಿನಲ್ಲಿ ಬೇರೆ ಹಣ ಕೇಳಿದರೆ ಯಾಕೆಂದು ಕೇಳಿ, ಹೊಸ ಗಾಡಿಗೆ ಹೈ ಸೆಕ್ಯುರಿಟಿ ಪ್ಲೇಟ್ ಕೊಡುವುದು ಕಂಪನಿಯ ಹೊಣೆ. ರಿಯಾಯಿತಿಯನ್ನು ಒಂದು ಕೈಯಲ್ಲಿ ಕೊಟ್ಟು ಆಕ್ಸೆಸರಿ ಪ್ಯಾಕೇಜಿನಲ್ಲಿ ಇನ್ನೊಂದು ಕೈಯಿಂದ ಕಿತ್ತುಕೊಳ್ಳುವುದು ಹಳೇ ಆಟ. ನೀವು ಚೌಕಾಶಿ ಮಾಡಬೇಕಾದದ್ದು ಕಟ್ಟಕಡೆಯ ಒಟ್ಟು ಮೊತ್ತದ ಮೇಲೆ.

ಯಾವಾಗ ಕೊಳ್ಳುವುದು? ಆಷಾಢದಲ್ಲಿ ಶೋರೂಮುಗಳು ಬಿಕೋ ಎನ್ನುತ್ತವೆ, ಚೌಕಾಶಿಗೆ ಆಗ ಬಲ ಹೆಚ್ಚು. ಆಷಾಢದಲ್ಲಿ ಬುಕ್ ಮಾಡಿ ಶ್ರಾವಣದಲ್ಲಿ ಮನೆಗೆ ತಂದರೆ ಹಿರಿಯರ ಆಕ್ಷೇಪವೂ ಇರುವುದಿಲ್ಲ. ಡಿಸೆಂಬರಿನ ರಿಯಾಯಿತಿ ದೊಡ್ಡದು, ಆದರೆ ಒಂದೇ ತಿಂಗಳಲ್ಲಿ ಗಾಡಿ 'ಹೋದ ವರ್ಷದ್ದು' ಆಗುತ್ತದೆ. ಏಳೆಂಟು ವರ್ಷ ಇಟ್ಟುಕೊಳ್ಳುವವರಿಗೆ ಅದರಿಂದ ನಷ್ಟ ಇಲ್ಲ.

## ಹಂತ 7: ಸಾಲ

ಇಎಂಐ ಎಷ್ಟು ಎಂದು ಮಾತ್ರ ಕೇಳುವವರು ಸುಲಭವಾಗಿ ಸಿಕ್ಕಿಬೀಳುತ್ತಾರೆ. 8 ಲಕ್ಷ ಸಾಲ, ಶೇ 9 ಬಡ್ಡಿ: ಐದು ವರ್ಷಕ್ಕೆ ಇಎಂಐ ಸುಮಾರು 16,600, ಏಳು ವರ್ಷಕ್ಕೆ 12,900. ಏಳು ವರ್ಷದ್ದು ಹಗುರ ಅನಿಸುತ್ತದೆ, ಬಡ್ಡಿಯಲ್ಲಿ 85,000 ರೂಪಾಯಿ ಹೆಚ್ಚು ಹೋಗುತ್ತದೆ. ಸಿಎನ್‌ಜಿ ಕೊಂಡು ಮೂರು ವರ್ಷದಲ್ಲಿ ಉಳಿಸಿದ್ದು ಬ್ಯಾಂಕಿಗೆ ಹೋದಂತೆ.

'ಫ್ಲ್ಯಾಟ್ ರೇಟ್' (ಕಂತು ಕಟ್ಟುತ್ತ ಹೋದರೂ ಮೊದಲಿನ ಪೂರ್ತಿ ಸಾಲದ ಮೇಲೇ ಬಡ್ಡಿ) ಎಂಬ ಮಾತು ಕಿವಿಗೆ ಬಿದ್ದರೆ ಎದ್ದು ಬನ್ನಿ. ಐದು ವರ್ಷಕ್ಕೆ ಶೇ 7 ಫ್ಲ್ಯಾಟ್ ಎಂದರೆ ಕಡಿಮೆಯಾಗುವ ಅಸಲಿನ ಲೆಕ್ಕದಲ್ಲಿ ಶೇ 12.5ರ ಹತ್ತಿರ. ನಿಮ್ಮ ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ಮೊದಲು ವಿಚಾರಿಸಿಕೊಂಡೇ ಡೀಲರ್ ಹೇಳುವ ಸಾಲವನ್ನು ಕೇಳಿಸಿಕೊಳ್ಳಿ. ಅವಧಿಗೆ ಮುಂಚೆ ತೀರಿಸಿದರೆ ದಂಡ ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

## ಹಂತ 8: ನೋಂದಣಿಗೆ ಮುಂಚೆ ಗಾಡಿ ಪರೀಕ್ಷೆ

ಈ ಹಂತವನ್ನು ಬಿಟ್ಟವರ ಗೋಳು ಬೇರೆಯೇ. ನಿಮ್ಮ ಹೆಸರಿಗೆ ನೋಂದಣಿಯಾದ ಮೇಲೆ ಆ ಗಾಡಿ ನಿಮ್ಮದು, ಗೀರಿದ್ದರೂ ಡೆಂಟಿದ್ದರೂ ಬದಲಿಸಿಕೊಡಿ ಎಂದು ಕೇಳುವ ಬಲ ಉಳಿಯುವುದಿಲ್ಲ. ಹಾಗಾಗಿ ಬುಕಿಂಗ್ ಹೊತ್ತಿಗೇ ಹೇಳಿ: ಗಾಡಿಯನ್ನು ಯಾರ್ಡಿನಲ್ಲಿ ನೋಡಿದ ಮೇಲೆಯೇ ಪೂರ್ತಿ ಹಣ, ಆಮೇಲೆಯೇ ನೋಂದಣಿ.

ಹಗಲು ಹೊತ್ತಿನಲ್ಲಿ ಹೋಗಿ, ತೊಳೆದು ಒಣಗಿದ ಗಾಡಿ ನೋಡಿ. ಮೊದಲು ಚಾಸಿ ನಂಬರ್: 17 ಅಕ್ಷರಗಳು, ಕಾಗದದಲ್ಲಿರುವುದಕ್ಕೆ ಒಂದೊಂದಾಗಿ ಹೊಂದಿಸಿ. ತಯಾರಾದ ತಿಂಗಳು, ವರ್ಷ ಮೂರು ತಿಂಗಳಿಗಿಂತ ಹಳೆಯದಾದರೆ ಕಾರಣ ಕೇಳಿ, ಇಲ್ಲವೇ ಬೆಲೆ ಇಳಿಸಿ ಎನ್ನಿ. ಆಮೇಲೆ ಟೈರಿನ ಪಕ್ಕದಲ್ಲಿ ಅಂಡಾಕಾರದೊಳಗೆ ಒತ್ತಿದ ನಾಲ್ಕಂಕಿ ಹುಡುಕಿ. 3225 ಎಂದಿದ್ದರೆ 2025ರ 32ನೇ ವಾರದ್ದು. ಐದೂ ಟೈರ್ ನೋಡಿ, ಸ್ಟೆಪ್ನಿ ಸೇರಿ. ನಾಲ್ಕು ಒಂದೇ ತಿಂಗಳಿನದ್ದಾಗಿ ಒಂದು ಮಾತ್ರ ಬಹಳ ಹಿಂದಿನದ್ದಾದರೆ ಆ ಚಕ್ರದ ಕಡೆ ಏನೋ ನಡೆದಿದೆ.

ಬಾನೆಟ್, ಬಾಗಿಲುಗಳ ಸಂದು ಎಲ್ಲ ಕಡೆ ಒಂದೇ ಅಗಲ ಇದೆಯೇ, ಬಾನೆಟ್ ಬೋಲ್ಟಿನ ಬಣ್ಣ ಎದ್ದಿದೆಯೇ, ಟಾರ್ಚ್ ಓರೆಯಾಗಿ ಹಿಡಿದಾಗ ಬಣ್ಣದಲ್ಲಿ ಅಲೆ ಕಾಣುತ್ತದೆಯೇ? ಒಳಗೆ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿ, ತೇವ ಅಥವಾ ಮುಗ್ಗಲು ವಾಸನೆ ಬಂದರೆ ನೀರು ಹೊಕ್ಕಿದೆ. ಓಡೊಮೀಟರ್ ನೂರರ ಮೇಲೆ ಇದ್ದರೆ ಯಾಕೆಂದು ಕೇಳಿ. ಹದಿನೈದು ನಿಮಿಷ ಎಸಿ ಹಾಕಿ ಕೂರಿ, ಎಲ್ಲ ಕಿಟಕಿ, ದೀಪ, ವೈಪರ್ ಆಡಿಸಿ, ಜ್ಯಾಕ್ ಇದೆಯೇ ನೋಡಿ. ಕಂಡದ್ದನ್ನೆಲ್ಲ ಫೋಟೊ ತೆಗೆದುಕೊಳ್ಳಿ.

ಎಚ್ಚರಿಕೆಯ ಗುರುತು: "ನೋಂದಣಿ ಆಗಲಿ, ಡೆಲಿವರಿ ದಿನ ಎಲ್ಲ ತೋರಿಸ್ತೀವಿ." ಆಯುಧಪೂಜೆಯ ವಾರದಲ್ಲಿ ಈ ಮಾತು ಹೆಚ್ಚು ಕೇಳಿಬರುತ್ತದೆ. ಅವತ್ತು ಒಂದೇ ಶೋರೂಮಿನಿಂದ ಸಾಲುಗಟ್ಟಿ ಗಾಡಿಗಳು ಹೊರಡುತ್ತವೆ. ನಿಂಬೆಹಣ್ಣು ಚಕ್ರದ ಕೆಳಗೆ ಸಿಕ್ಕಿಸಿ, ಕುಂಕುಮ ಹಚ್ಚಿ, ಫೋಟೊ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿ ಬಂಪರಿನ ಗೀರು ಯಾರಿಗೂ ಕಾಣುವುದಿಲ್ಲ. ಹಬ್ಬಕ್ಕೇ ಬೇಕೆಂದರೆ ಪರೀಕ್ಷೆ, ನೋಂದಣಿ ಎರಡನ್ನೂ ಹಿಂದಿನ ವಾರವೇ ಮುಗಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದೇ ಮಾತು: ಬೇರೆ ರಾಜ್ಯದ ನಂಬರಿನ ಗಾಡಿ ಲಕ್ಷ ರೂಪಾಯಿ ಅಗ್ಗಕ್ಕೆ ಸಿಕ್ಕರೆ, ಅಲ್ಲಿನ ಆರ್‌ಟಿಒ ಎನ್‌ಒಸಿ ಮತ್ತು ಇಲ್ಲಿ ಮತ್ತೆ ಕಟ್ಟಬೇಕಾದ ಆಜೀವ ತೆರಿಗೆ ಸೇರಿಸಿ ಲೆಕ್ಕ ಹಾಕಿ. ಅಗ್ಗದ ಬಹುಪಾಲು ಅಲ್ಲೇ ಕರಗುತ್ತದೆ.

## ಹಂತ 9: ಬಂದ ಮೈಲೇಜನ್ನು ಸರಿಯಾಗಿ ಅಳೆಯಿರಿ

ಹೊಸ ಗಾಡಿ ಮನೆಗೆ ಬಂದ ಮರುದಿನ ಬೆಳಿಗ್ಗೆ, ಟೈರ್ ತಣ್ಣಗಿರುವಾಗ, ಗೇಜ್ ಹಿಡಿದು ಗಾಳಿ ನೋಡಿ. ಸಾಗಾಟಕ್ಕೆಂದು ತುಂಬಿದ ಹೆಚ್ಚಿನ ಗಾಳಿಯನ್ನು ಇಳಿಸದೆಯೇ ಡೆಲಿವರಿ ಕೊಡುವುದುಂಟು. ಸರಿಯಾದ ಅಂಕಿ ಚಾಲಕನ ಬಾಗಿಲಿನ ಕಂಬದ ಸ್ಟಿಕರ್ ಮೇಲಿದೆ, ಪೂರ್ತಿ ಜನ ಕೂತಾಗ ಬೇರೆ ಅಂಕಿ. ಮೊದಲ ಸಾವಿರ ಕಿಲೋಮೀಟರ್ ಎಂಜಿನ್ನನ್ನು ಕಿರುಚಿಸಬೇಡಿ. ಆ ಅವಧಿಯ ಮೈಲೇಜನ್ನು ಬರೆದಿಡುವುದೂ ಬೇಡ.

ಸಾವಿರ ದಾಟಿದ ಮೇಲೆ ಒಂದು ಬಂಕಿನಲ್ಲಿ ನಾಜಲ್ ತಾನಾಗಿಯೇ ಕಟ್ ಆಗುವ ತನಕ ತುಂಬಿಸಿ. "ರೌಂಡ್ ಫಿಗರ್ ಮಾಡ್ಲಾ?" ಎಂದರೆ ಬೇಡವೆನ್ನಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕನಿಷ್ಠ 300 ಕಿಮೀ ನಿಮ್ಮ ಮಾಮೂಲಿ ಓಟ ಓಡಿದ ಮೇಲೆ ಅದೇ ಬಂಕ್, ಸಾಧ್ಯವಾದರೆ ಅದೇ ನಾಜಲ್, ಮತ್ತೆ ಆಟೊ ಕಟ್ ತನಕ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ನಾಲ್ಕು ಸಲ ಮಾಡಿ ಎಲ್ಲದರ ಕಿಲೋಮೀಟರು, ಎಲ್ಲದರ ಲೀಟರು ಕೂಡಿಸಿ ಭಾಗಿಸಿ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಸಾಮಾನ್ಯವಾಗಿ ಇದಕ್ಕಿಂತ ಒಂದೆರಡು ಹೆಚ್ಚೇ ಇರುತ್ತದೆ.

ಬಂದ ಅಂಕಿಯನ್ನು ಎರಡನೇ ಹಂತದಲ್ಲಿ ಬರೆದ ಅಂದಾಜಿಗೆ ಹೋಲಿಸಿ. ಒಂದೆರಡು ಕಿಲೋಮೀಟರ್ ಆಚೀಚೆ ಸಹಜ. ಅಂದಾಜಿನ ಮುಕ್ಕಾಲು ಭಾಗವೂ ಬರದಿದ್ದರೆ ಮೊದಲು ಗಾಳಿ ನೋಡಿ. ಆಮೇಲೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಕಾರುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ಅದೂ ಸರಿಯಿದ್ದರೆ ಬಂಕಿನ ರಸೀದಿಗಳು, ಓಡೊಮೀಟರ್ ಫೋಟೊಗಳು, ನೋಟ್‌ಬುಕ್ಕಿನ ಪುಟ ಇವಿಷ್ಟನ್ನೂ ಮೊದಲ ಸರ್ವಿಸ್‌ಗೆ ಒಯ್ದು, 'ಮೈಲೇಜ್ ಕಡಿಮೆ' ಎಂಬ ದೂರನ್ನು ಜಾಬ್ ಕಾರ್ಡಿನಲ್ಲಿ ಅಂಕಿಸಮೇತ ಬರೆಸಿ, ಅದರ ಪ್ರತಿ ಕೇಳಿ ಪಡೆಯಿರಿ. ವಾರಂಟಿಯ ಮಾತು ಬಂದಾಗ ಕೆಲಸಕ್ಕೆ ಬರುವುದು ಆ ಪ್ರತಿ.